ಮಾಡದ ತಪ್ಪನ್ನು ಒಪ್ಪಿಕೊಳ್ಳಬಹುದೇ?

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಯ ಮಗನ ಹೆಸರು ಕಳ್ಳತನದ ಮೊಕದ್ದಮೆಯೊಂದರಲ್ಲಿ ಸೇರಿಕೊಂಡಿದೆ. ಅವನು ಕದ್ದಿಲ್ಲ. ಆದರೆ ಕದ್ದವರ ಜೊತೆ ಅವನು ಅಂಗಡಿಯ ಮುಂದೆ ನಿಂತಿದ್ದನ್ನು ಕಂಡವರಿದ್ದಾರೆ. ಜಾಮೀನು ಸಿಕ್ಕಿಲ್ಲ. ಐದು ತಿಂಗಳಿನಿಂದ ಸೆರೆಮನೆಯಲ್ಲಿದ್ದಾನೆ. ಒಂದು ದಿನ ವಕೀಲರು ಬಂದು, "ತಪ್ಪು ಒಪ್ಪಿಕೊಂಡರೆ ಹೆಚ್ಚುಕಡಿಮೆ ಈಗ ಕಳೆದಷ್ಟೇ ಶಿಕ್ಷೆ, ಬೇಗ ಮನೆಗೆ ಹೋಗಬಹುದು. ವಿಚಾರಣೆ ನಡೆಯಲಿ ಎಂದರೆ ಎಷ್ಟು ವರ್ಷ ಹಿಡಿಯುತ್ತದೋ ನಾನು ಹೇಳಲಾರೆ" ಎನ್ನುತ್ತಾರೆ.

ತಾಯಿ ಅಳುತ್ತಾ, "ಹೇಗಾದರೂ ಮನೆಗೆ ಬಾ ಮಗನೇ" ಎನ್ನುತ್ತಾಳೆ. ತಂದೆ ತಲೆ ತಗ್ಗಿಸಿ, "ಮಾಡದ ಕಳ್ಳತನವನ್ನು ನಿನ್ನ ಬಾಯಿಯಿಂದಲೇ ಹೇಗೆ ಹೇಳುತ್ತೀಯಾ?" ಎಂದು ಕೇಳುತ್ತಾನೆ. ಅವನು ಯಾರ ಮಾತನ್ನು ಕೇಳಬೇಕು?

ಇದು ಕೇವಲ ಕಾನೂನಿನ ಪ್ರಶ್ನೆಯಲ್ಲ. ಸತ್ಯ, ಸಹನೆ, ಕುಟುಂಬದ ಹೊಣೆ ಮತ್ತು ಪರಲೋಕದ ವಿಚಾರಣೆ ಇವೆಲ್ಲವೂ ಇದರಲ್ಲಿ ಸೇರಿಕೊಂಡಿವೆ. ಆದ್ದರಿಂದ ಸತ್ಯವಿಶ್ವಾಸಿಯು ಇದನ್ನು ಎರಡೂ ಕಡೆಯಿಂದ ಅರಿತುಕೊಳ್ಳಬೇಕಾಗಿದೆ.

ಕಾನೂನು ಏನು ಹೇಳುತ್ತದೆ?

ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ಈ ವ್ಯವಸ್ಥೆಗೆ ಪ್ಲೀ ಬಾರ್ಗೇನಿಂಗ್ ಎಂದು ಹೆಸರು. ಅಮೆರಿಕದಲ್ಲಿ ಇದು ಬಹಳ ಹಿಂದಿನಿಂದಲೂ ಇದೆ. ಅಲ್ಲಿ ಶಿಕ್ಷೆಯಾಗುವ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳು ವಿಚಾರಣೆಯಿಲ್ಲದೆ ಹೀಗೆಯೇ ಮುಗಿಯುತ್ತವೆ ಎಂದು ಅಲ್ಲಿನ ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿದೆ.

ಭಾರತದ ನ್ಯಾಯಾಲಯಗಳು ಇದನ್ನು ಮೊದಲು ಒಪ್ಪಿರಲಿಲ್ಲ. 1980ರಲ್ಲಿ ಗುಜರಾತಿನ ಕಾಸಂಭಾಯಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂತಹ ಒಪ್ಪಂದದ ಶಿಕ್ಷೆಯನ್ನು ರದ್ದುಗೊಳಿಸಿತು. ದೀರ್ಘ ವಿಚಾರಣೆಯ ಕಷ್ಟಕ್ಕೆ ಹೆದರಿ ನಿರಪರಾಧಿಯೂ ತಪ್ಪೊಪ್ಪಿಕೊಂಡಾನು ಎಂಬುದು ನ್ಯಾಯಾಲಯದ ಆತಂಕವಾಗಿತ್ತು. ಮುಂದೆ ಮೊಕದ್ದಮೆಗಳು ರಾಶಿ ಬಿದ್ದಾಗ ಕಾನೂನು ಆಯೋಗವು ಇದನ್ನು ಶಿಫಾರಸು ಮಾಡಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠರ ಸಮಿತಿಯೂ 2003ರಲ್ಲಿ ಇದನ್ನು ಬೆಂಬಲಿಸಿತು. 2005ರ ತಿದ್ದುಪಡಿಯ ಮೂಲಕ ಬಂದ ಈ ವ್ಯವಸ್ಥೆ 2006ರ ಜುಲೈ 5ರಿಂದ ಜಾರಿಯಾಯಿತು. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಭಾಗವಾಗಿದೆ.

ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಿಗೆ, ಮಹಿಳೆಯರ ಹಾಗೂ ಮಕ್ಕಳ ವಿರುದ್ಧದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಅರ್ಜಿಯನ್ನು ಆರೋಪಿಯೇ ಕೊಡಬೇಕು. ದೋಷಾರೋಪ ಹೊರಿಸಿದ ದಿನದಿಂದ 30 ದಿನಗಳೊಳಗೆ ಕೊಡಬೇಕು. ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧದಲ್ಲಿ ನಿಗದಿತ ಶಿಕ್ಷೆಯ ನಾಲ್ಕನೇ ಒಂದು ಭಾಗ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವನಿಗೆ ಆರನೇ ಒಂದು ಭಾಗ ವಿಧಿಸಬಹುದು. ಅಂದರೆ ಗರಿಷ್ಠ ಮೂರು ವರ್ಷಗಳ ಶಿಕ್ಷೆಯಿರುವ ಕಳ್ಳತನಕ್ಕೆ ಆರು ತಿಂಗಳು. ಸೆರೆಮನೆಯಲ್ಲಿ ಈಗಾಗಲೇ ಕಳೆದ ದಿನಗಳನ್ನು ಅದರಿಂದ ಕಳೆಯಲಾಗುತ್ತದೆ. ನಮ್ಮ ಯುವಕನ ಮುಂದೆ ಬಾಗಿಲು ತೆರೆದಂತೆ ಕಾಣುವುದು ಈ ಲೆಕ್ಕದಿಂದಲೇ.

ಆದರೆ ಆ ಬಾಗಿಲಿನಿಂದ ಹೊರಬರುವವನು ಖುಲಾಸೆಯಾದವನಲ್ಲ, ಶಿಕ್ಷೆಗೊಳಗಾದವನು. ಈ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿಯೂ ಇಲ್ಲ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಅಥವಾ ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಅರ್ಜಿ ಮಾತ್ರ ಉಳಿಯುತ್ತದೆ. ನಾಳೆ ಉದ್ಯೋಗಕ್ಕೆ, ಗಲ್ಫಿಗೆ ಹೋಗಲು ಪೊಲೀಸ್ ಪ್ರಮಾಣಪತ್ರ ಕೇಳಿದಾಗ ಆ ಶಿಕ್ಷೆ ಎದ್ದು ಬರುತ್ತದೆ.

ನಮ್ಮ ಬಗ್ಗೆ ನಾವೇ ನುಡಿಯುವ ಸಾಕ್ಷ್ಯ

ಸತ್ಯವಿಶ್ವಾಸಿಗಳು ಅಲ್ಲಾಹನಿಗಾಗಿ ಸಾಕ್ಷಿಗಳಾಗಿ ನ್ಯಾಯದಲ್ಲಿ ದೃಢವಾಗಿ ನಿಲ್ಲಬೇಕು, ಅದು ಸ್ವತಃ ತಮಗೆ ಮತ್ತು ತಂದೆ ತಾಯಿಗೆ ವಿರುದ್ಧವಾಗಿದ್ದರೂ ಸರಿ ಎಂದು ಕುರ್‌ಆನ್ ಆಜ್ಞಾಪಿಸುತ್ತದೆ (ಅನ್ನಿಸಾ: 135). ತಪ್ಪು ಮಾಡಿದವನು ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕೆಂಬುದನ್ನು ನಾವು ಈ ಸೂಕ್ತದಿಂದ ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಸರಿಯೇ. ನಿಜವಾಗಿ ಕದ್ದವನಿಗೆ ಈ ಕಾನೂನು ಒಂದು ಒಳ್ಳೆಯ ಅವಕಾಶ. ಅವನು ತಪ್ಪೊಪ್ಪಿಕೊಳ್ಳಲಿ, ಕದ್ದದ್ದನ್ನು ಮರಳಿಸಲಿ, ನೊಂದವನಿಗೆ ಪರಿಹಾರ ಕೊಡಲಿ, ಅಲ್ಲಾಹನಲ್ಲಿ ತೌಬಾ ಮಾಡಲಿ.

ಆದರೆ ಆ ಸೂಕ್ತದ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ. ತನ್ನ ವಿರುದ್ಧ ನುಡಿಯುವ ಸಾಕ್ಷ್ಯವೂ ಸಾಕ್ಷ್ಯವೇ. ಅದೂ ಸತ್ಯವಾಗಿರಬೇಕು. ಪರರ ಮೇಲೆ ಸುಳ್ಳು ಹೇಳುವುದು ಪಾಪವಾದರೆ ತನ್ನ ಮೇಲೆ ಸುಳ್ಳು ಹೇಳಿಕೊಳ್ಳಲು ಮನುಷ್ಯನಿಗೆ ಹಕ್ಕಿದೆಯೇ? ನಮ್ಮ ಮಾನವೂ ನಾಲಗೆಯೂ ಅಲ್ಲಾಹನು ನಮಗೊಪ್ಪಿಸಿದ ಅಮಾನತುಗಳು. ಪ್ರವಾದಿ(ಸ)ರು ಮಹಾಪಾಪಗಳನ್ನು ಎಣಿಸುತ್ತಾ ಸುಳ್ಳು ಸಾಕ್ಷ್ಯದ ವಿಷಯ ಬಂದಾಗ ಒರಗಿದ್ದವರು ಎದ್ದು ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ.

ಆಯಿಶಾ(ರ)ರ ನಿಲುವು

ಮದೀನಾದಲ್ಲಿ ಕಪಟವಿಶ್ವಾಸಿಗಳು ಹ. ಆಯಿಶಾ(ರ)ರ ಮೇಲೆ ಅಪವಾದ ಹೊರಿಸಿದ ಘಟನೆ ನಮಗೆಲ್ಲ ತಿಳಿದಿದೆ. ಸುಮಾರು ಒಂದು ತಿಂಗಳ ಕಾಲ ಊರಿಗೆ ಊರೇ ಆ ಮಾತನ್ನಾಡಿತು. ಕೊನೆಗೆ ಪ್ರವಾದಿ(ಸ)ರು ಅವರ ಬಳಿ ಬಂದು, ನೀನು ನಿರಪರಾಧಿಯಾಗಿದ್ದರೆ ಅಲ್ಲಾಹನು ಅದನ್ನು ಪ್ರಕಟಿಸುವನು, ತಪ್ಪಾಗಿದ್ದರೆ ಅಲ್ಲಾಹನಲ್ಲಿ ಕ್ಷಮೆ ಬೇಡು ಎಂಬರ್ಥದ ಮಾತು ಹೇಳಿದರು. ತಂದೆ ಅಬೂಬಕರ್(ರ)ರಿಗಾಗಲಿ ತಾಯಿಗಾಗಲಿ ಏನು ಉತ್ತರಿಸಬೇಕೆಂದು ತೋಚಲಿಲ್ಲ.

ಆ ತರುಣಿ ಕೊಟ್ಟ ಉತ್ತರವನ್ನು ಗಮನಿಸಿರಿ. ನಾನು ನಿರಪರಾಧಿ ಎಂದರೆ ನೀವು ನಂಬಲಾರಿರಿ; ನಾನು ಮಾಡಿಲ್ಲವೆಂದು ಅಲ್ಲಾಹನಿಗೆ ತಿಳಿದಿರುವುದನ್ನು ಮಾಡಿದ್ದೇನೆಂದು ಒಪ್ಪಿಕೊಂಡರೆ ನಂಬುವಿರಿ; ಆದ್ದರಿಂದ ಯೂಸುಫರ ತಂದೆ ಹೇಳಿದಂತೆ ಉತ್ತಮ ಸಹನೆಯೇ ನನಗೆ ದಾರಿ ಎಂದು ಅವರು ತಿಳಿಸಿದರು. ಒಪ್ಪಿಕೊಂಡುಬಿಟ್ಟರೆ ಮಾತು ಮುಗಿಯುತ್ತಿತ್ತು. ಅವರು ಒಪ್ಪಲಿಲ್ಲ. ಲೋಕ ನಂಬುವ ಸುಳ್ಳಿಗಿಂತ ಲೋಕ ನಂಬದ ಸತ್ಯವನ್ನು ಆರಿಸಿಕೊಂಡರು. ಬಳಿಕ ಅವರ ನಿರಪರಾಧಿತ್ವವನ್ನು ಸಾರುವ ಸೂಕ್ತಗಳು ಅನ್ನೂರ್ ಅಧ್ಯಾಯದಲ್ಲಿ ಅವತೀರ್ಣಗೊಂಡವು.

ನಮಗಾಗಿ ದಿವ್ಯವಾಣಿ ಇಳಿಯದು, ನಿಜ. ಆದರೆ ಆಯಿಶಾ(ರ)ರು ಆ ಉತ್ತರ ಕೊಟ್ಟಾಗ ತಮಗಾಗಿ ಕುರ್‌ಆನ್ ಸೂಕ್ತಗಳೇ ಇಳಿಯುವುವೆಂದು ಅವರಿಗೂ ತಿಳಿದಿರಲಿಲ್ಲ. ಅದನ್ನು ಅವರೇ ಹೇಳಿಕೊಂಡಿದ್ದಾರೆ.

ಸೆರೆಮನೆಯ ಬಾಗಿಲಲ್ಲಿ ಯೂಸುಫ್(ಅ)

ಯೂಸುಫ್(ಅ)ರ ಅಂಗಿ ಹಿಂದಿನಿಂದ ಹರಿದಿತ್ತು. ಅವರು ನಿರ್ದೋಷಿಯೆಂಬುದಕ್ಕೆ ಅದೇ ಪುರಾವೆ. ಆ ಪುರಾವೆಗಳನ್ನು ಕಂಡ ಬಳಿಕವೂ ದೊಡ್ಡವರು ಅವರನ್ನು ಸೆರೆಮನೆಗೆ ತಳ್ಳಿದರೆಂದು ಕುರ್‌ಆನ್ ಹೇಳುತ್ತದೆ (ಯೂಸುಫ್: 35). ಹಲವು ವರ್ಷಗಳು ಅಲ್ಲಿಯೇ ಕಳೆದವು. ಕೊನೆಗೆ ರಾಜನ ದೂತ ಬಿಡುಗಡೆಯ ಕರೆ ತಂದಾಗ ಅವರು ತಕ್ಷಣ ಎದ್ದು ಹೊರಡಲಿಲ್ಲ. ಮೊದಲು ಆ ಸ್ತ್ರೀಯರ ವಿಷಯವನ್ನು ವಿಚಾರಿಸಲು ಹೇಳಿ ದೂತನನ್ನು ಹಿಂದಕ್ಕೆ ಕಳುಹಿಸಿದರು (ಯೂಸುಫ್: 50). ಕಳಂಕ ಹೊತ್ತು ಸಿಗುವ ಬಿಡುಗಡೆ ಅವರಿಗೆ ಬೇಕಿರಲಿಲ್ಲ. ವಿಚಾರಣೆ ನಡೆಯಿತು, ಅಝೀಝನ ಪತ್ನಿಯೇ ಸತ್ಯ ಒಪ್ಪಿಕೊಂಡಳು. ಅನಂತರವೇ ಅವರು ರಾಜನ ಬಳಿಗೆ ಹೋದರು.

ಈ ಘಟನೆಯ ಬಗ್ಗೆ ಪ್ರವಾದಿ(ಸ)ರ ಮಾತೊಂದು ಬುಖಾರಿಯಲ್ಲಿದೆ. ಯೂಸುಫರಷ್ಟು ಕಾಲ ತಾನು ಸೆರೆಯಲ್ಲಿದ್ದಿದ್ದರೆ ಕರೆಯಲು ಬಂದವನ ಕರೆಗೆ ಓಗೊಡುತ್ತಿದ್ದೆ ಎಂಬುದು ಅದರ ಸಾರ. ಇದು ಪ್ರವಾದಿ(ಸ)ರ ವಿನಯ ಮತ್ತು ಯೂಸುಫ್(ಅ)ರ ಸಹನೆಯ ಪ್ರಶಂಸೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಇದನ್ನು ಸುಳ್ಳು ಒಪ್ಪಿಗೆಗೆ ಅನುಮತಿಯೆಂದು ತಿಳಿಯಬಾರದು. ಯೂಸುಫರನ್ನು ತಪ್ಪೊಪ್ಪಿಕೋ ಎಂದು ದೂತ ಕೇಳಿರಲಿಲ್ಲ, ಹೊರಗೆ ಬಾ ಎಂದಷ್ಟೇ ಕರೆದಿದ್ದ. ಆದರೆ ಸೆರೆಮನೆಯಿಂದ ಬೇಗ ಹೊರಬರಬೇಕೆಂಬ ತವಕ ಈಮಾನಿನ ದೌರ್ಬಲ್ಯವಲ್ಲ ಎಂಬ ಸಾಂತ್ವನ ಇದರಲ್ಲಿ ಖಂಡಿತ ಇದೆ. ಹೊರಗೆ ಕುಳಿತ ನಾವು ಒಳಗಿರುವವನಿಗೆ ಸಹನೆಯ ಉಪದೇಶ ಮಾಡುವಾಗ ಇದನ್ನು ನೆನಪಿಡಬೇಕು.

ಬಲವಂತದ ಒಪ್ಪಿಗೆ

ಮನುಷ್ಯನ ಶಕ್ತಿಗೆ ಮಿತಿಯಿದೆಯೆಂಬುದನ್ನು ಇಸ್ಲಾಮ್ ಬಲ್ಲದು. ಹ. ಅಮ್ಮಾರ್(ರ)ರನ್ನು ಮಕ್ಕಾದವರು ಚಿತ್ರಹಿಂಸೆಗೊಳಪಡಿಸಿ ಅವರ ಬಾಯಿಯಿಂದ ಈಮಾನಿಗೆ ವಿರುದ್ಧವಾದ ಮಾತು ಹೊರಡಿಸಿದರು. ಹೃದಯವು ವಿಶ್ವಾಸದಲ್ಲಿ ದೃಢವಾಗಿದ್ದು ಬಲವಂತಕ್ಕೊಳಗಾದವನಿಗೆ ವಿನಾಯಿತಿಯಿದೆ ಎಂದು ಕುರ್‌ಆನ್ ಸಾರಿತು (ಅನ್ನಹ್ಲ್: 106). ಹಸಿವು, ಭಯ ಅಥವಾ ಸೆರೆಗೆ ಸಿಲುಕಿದವನು ತನ್ನ ವಿರುದ್ಧ ತಾನೇ ಏನನ್ನಾದರೂ ಒಪ್ಪಿಕೊಂಡಾನು, ಅದನ್ನು ನಂಬಲಾಗದು ಎಂಬ ಅಭಿಪ್ರಾಯ ಖಲೀಫಾ ಉಮರ್(ರ)ರದ್ದೆಂದು ವರದಿಯಾಗಿದೆ. ಹೊಡೆತದ ಅಥವಾ ಸೆರೆಯ ಬೆದರಿಕೆಯಿಂದ ಪಡೆದ ತಪ್ಪೊಪ್ಪಿಗೆ ಅಸಿಂಧುವೆಂದು ಹನಫೀ ಫಿಕ್ಹ್ ಗ್ರಂಥಗಳು ಹೇಳುತ್ತವೆ. ಮಾಇಝ್(ರ)ರು ತಾವಾಗಿಯೇ ಬಂದು ತಪ್ಪೊಪ್ಪಿಕೊಂಡಾಗಲೂ ಪ್ರವಾದಿ(ಸ)ರು ಮತ್ತೆ ಮತ್ತೆ ಮುಖ ತಿರುಗಿಸಿದರು, ಅವರ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ವಿಚಾರಿಸಿದರು. ಒಪ್ಪಿಗೆಯನ್ನು ಕಸಿದುಕೊಳ್ಳುವ ಅವಸರ ಇಸ್ಲಾಮೀ ನ್ಯಾಯದಲ್ಲಿಲ್ಲ.

ಹಾಗಾದರೆ ವರ್ಷಗಟ್ಟಲೆಯ ಸೆರೆಯ ಭಯವೂ ಬಲವಂತವೇ? ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಜಾಮೀನಿನ ಮೇಲೆ ಮನೆಯಲ್ಲಿದ್ದು, ಕೋರ್ಟಿಗೆ ಅಲೆಯುವುದು ಬೇಸರವೆಂದು ಸುಳ್ಳು ಒಪ್ಪಿಕೊಳ್ಳುವವನು ಬಲವಂತಕ್ಕೊಳಗಾದವನಲ್ಲ. ಅಮೆರಿಕದ ಬ್ರಯಾನ್ ಬ್ಯಾಂಕ್ಸ್ ಎಂಬವನ ಸ್ಥಿತಿ ಬೇರೆ. 2002ರಲ್ಲಿ ಹದಿನಾರರ ವಯಸ್ಸಿನಲ್ಲಿ ಅವನ ಮೇಲೆ ಅತ್ಯಾಚಾರದ ಸುಳ್ಳಾರೋಪ ಬಂತು. ವಿಚಾರಣೆಯಲ್ಲಿ ಸೋತರೆ ನಲವತ್ತು ವರ್ಷ ಮೀರುವ ಶಿಕ್ಷೆಯ ಭಯವಿತ್ತು. ಆರೋಪವನ್ನು ಎದುರಿಸುವುದಿಲ್ಲವೆಂದು ಹೇಳಿ ಶಿಕ್ಷೆಯನ್ನು ಒಪ್ಪಿಕೊಂಡ. ಐದು ವರ್ಷಗಳಿಗಿಂತ ಹೆಚ್ಚು ಕಾಲ ಸೆರೆಯಲ್ಲಿದ್ದ. ಹೊರಬಂದ ಮೇಲೂ ಲೈಂಗಿಕ ಅಪರಾಧಿಯೆಂಬ ಪಟ್ಟಿಯಲ್ಲಿ ಅವನ ಹೆಸರಿತ್ತು. ಆರೋಪ ಮಾಡಿದವಳೇ ಅದು ಸುಳ್ಳೆಂದು ಹೇಳಿದ ಬಳಿಕ 2012ರಲ್ಲಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತು. ಒಬ್ಬ ಹದಿನಾರರ ಹುಡುಗ ನಲವತ್ತು ವರ್ಷಗಳಿಗೆ ಹೆದರಿದರೆ ಅವನನ್ನು ದೂಷಿಸುವವರು ಯಾರು? ಆದರೆ ಹತ್ತಿರದ ದಾರಿಯೆಂದು ಕಂಡದ್ದು ಎಷ್ಟು ದೂರ ಹೋಯಿತೆಂಬುದನ್ನೂ ನೋಡಿರಿ.

ಸಾರಾಂಶವಿಷ್ಟು: ಒಪ್ಪದೆ ನಿಲ್ಲುವುದು ಅಝೀಮತ್, ಅಂದರೆ ಉನ್ನತವಾದ ದಾರಿ. ಬೇರೆಲ್ಲ ಬಾಗಿಲುಗಳೂ ಮುಚ್ಚಿ, ಸಹಿಸಲಾಗದ ಹಾನಿ ಎದುರಾಗಿ ಬಾಗಿದವನಿಗೆ ರುಖ್ಸತ್, ಅಂದರೆ ವಿನಾಯಿತಿಯ ನಿರೀಕ್ಷೆಯಿದೆ. ಅವನ ಸ್ಥಿತಿ ನಿಜವಾಗಿ ಅಲ್ಲಿಗೆ ಮುಟ್ಟಿದೆಯೇ ಎಂಬುದನ್ನು ಪ್ರಕರಣ ತಿಳಿದ ಆಲಿಮರೊಬ್ಬರಲ್ಲಿ ಕೇಳಬೇಕು. ಬೇಸರಕ್ಕೆ ಬಲವಂತವೆಂಬ ಹೆಸರಿಟ್ಟು ತನ್ನನ್ನು ತಾನೇ ವಂಚಿಸಿಕೊಳ್ಳಬಾರದು.

ದಾಟಬಾರದ ಗೆರೆ

ಆ ವಿನಾಯಿತಿಗೂ ಒಂದು ಗೆರೆಯಿದೆ. ತನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬ ನಿರಪರಾಧಿಯ ಹೆಸರು ಹೇಳಲು ಯಾರಿಗೂ ಅನುಮತಿಯಿಲ್ಲ. ಮದೀನಾದ ಒಬ್ಬನು ಕಳ್ಳತನ ಮಾಡಿ ಅದನ್ನು ಒಬ್ಬ ಯಹೂದಿಯ ಮೇಲೆ ಹಾಕಿದಾಗ ಆ ಯಹೂದಿಯ ನಿರಪರಾಧಿತ್ವವನ್ನು ಸಾರಲು ಅನ್ನಿಸಾ ಅಧ್ಯಾಯದ ಸೂಕ್ತಗಳು (105-112) ಅವತೀರ್ಣಗೊಂಡವೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ತಪ್ಪು ಮಾಡಿ ಅದನ್ನು ನಿರಪರಾಧಿಯ ಮೇಲೆ ಹೊರಿಸುವವನು ದೊಡ್ಡ ಅಪವಾದವನ್ನೂ ಸ್ಪಷ್ಟ ಪಾಪವನ್ನೂ ಹೊರುತ್ತಾನೆಂದು ಅಲ್ಲಿ ಎಚ್ಚರಿಸಲಾಗಿದೆ. ನೀನು ಒಪ್ಪಿಕೊಂಡು ಅವನ ಹೆಸರನ್ನೂ ಹೇಳು, ನಿನ್ನನ್ನು ಬಿಡುತ್ತೇವೆ ಎಂಬ ಮಾತು ಬಂದರೆ ಉತ್ತರ ಒಂದೇ: ಇಲ್ಲ.

ಸಹಿ ಹಾಕುವ ಮುನ್ನ

ನಮ್ಮ ಅನೇಕ ಕುಟುಂಬಗಳು ಬೇರೆ ದಾರಿಯಿಲ್ಲವೆಂದು ತಿಳಿದು ಸಹಿ ಹಾಕುತ್ತವೆ. ದಾರಿಗಳಿವೆ. ಅವುಗಳನ್ನು ಮೊದಲು ನೋಡಬೇಕು.

ಒಂದು, ರಾಜಿ ಮತ್ತು ತಪ್ಪೊಪ್ಪಿಗೆ ಒಂದೇ ಅಲ್ಲ. ಕಾನೂನು ರಾಜಿಗೆ ಅವಕಾಶ ಕೊಟ್ಟಿರುವ ಅಪರಾಧಗಳಲ್ಲಿ ಫಿರ್ಯಾದಿದಾರರೊಂದಿಗೆ ರಾಜಿಯಾದರೆ ಅದು ಖುಲಾಸೆಗೆ ಸಮ. ಅಲ್ಲಿ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಸಂಧಾನವು ಒಳಿತೆಂದು ಕುರ್‌ಆನ್ ಕೂಡಾ ಹೇಳುತ್ತದೆ (ಅನ್ನಿಸಾ: 128). "ಕೇಸು ಮುಗಿಸಿಬಿಡೋಣ" ಎಂದು ಯಾರಾದರೂ ಹೇಳಿದರೆ ರಾಜಿಯೋ ತಪ್ಪೊಪ್ಪಿಗೆಯೋ ಎಂದು ಸ್ಪಷ್ಟವಾಗಿ ಕೇಳಿರಿ.

ಎರಡು, ಜಾಮೀನು ಒಮ್ಮೆ ತಿರಸ್ಕೃತವಾದರೆ ಮುಗಿಯಿತೆಂದಲ್ಲ. ಸೆಷನ್ಸ್ ನ್ಯಾಯಾಲಯ, ಹೈಕೋರ್ಟುಗಳಿವೆ. ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಹೊಸ ಸಂಹಿತೆಯ 479ನೇ ಕಲಮು ಹೇಳುತ್ತದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಬೇರೆ ಮೊಕದ್ದಮೆಗಳು ಬಾಕಿಯಿರುವವರಿಗೂ ಇದು ಅನ್ವಯಿಸದು. ನಮ್ಮ ಯುವಕನ ಲೆಕ್ಕದಲ್ಲಿ ಅದು ಒಂದು ವರ್ಷ. ಅಂದರೆ ಸುಳ್ಳು ಹೇಳಿದರೆ ಆರನೇ ತಿಂಗಳಿಗೆ, ಸುಳ್ಳು ಹೇಳದಿದ್ದರೂ ಹನ್ನೆರಡನೇ ತಿಂಗಳಿಗೆ ಬಿಡುಗಡೆಯ ದಾರಿಯಿದೆ. ಅದಕ್ಕೂ ಮೊದಲೇ ಜಾಮೀನು ಸಿಗಬಹುದು. ಅವನು ತೂಗಿ ನೋಡಬೇಕಾದದ್ದು ಆರು ತಿಂಗಳಿಗೂ ಮುಗಿಯದ ವರ್ಷಗಳಿಗೂ ನಡುವಿನ ಅಂತರವನ್ನಲ್ಲ. ಆರು ತಿಂಗಳ ಸಹನೆಯನ್ನು ಮತ್ತು ಬದುಕಿಡೀ ಉಳಿಯುವ ಕಳಂಕವನ್ನು.

ಮೂರು, ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಮತ್ತು ತಾಲೂಕು ಕಾನೂನು ಸೇವಾ ಸಂಸ್ಥೆಗಳನ್ನು ಕಾಣಿರಿ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಒದಗಿಸಲಾಗುತ್ತದೆ. 15100 ಎಂಬ ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ನಾಲ್ಕು, ಪಾಸ್‌ಪೋರ್ಟಿನ ಚಿಂತೆಯಿಂದ ಅವಸರಪಡಬೇಡಿರಿ. ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ಅಡ್ಡಿಯಾಗುತ್ತದೆ, ನಿಜ. ಆದರೆ ನ್ಯಾಯಾಲಯದ ಅನುಮತಿ ಪಡೆದು ಅದನ್ನು ಕೇಳುವ ದಾರಿಯಿದೆ.

ಐದು, ಅರ್ಜಿಯ ಜೊತೆ ಆರೋಪಿಯು ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಶಿಕ್ಷೆಯ ಸ್ವರೂಪವನ್ನು ಅರಿತು ಸ್ವಇಚ್ಛೆಯಿಂದಲೇ ಈ ದಾರಿ ಹಿಡಿದಿದ್ದೇನೆ ಎಂದು ಅದರಲ್ಲಿ ಹೇಳಬೇಕು. ಆ ಬಳಿಕ ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿರಿಸಿ ಅವನನ್ನು ಪ್ರತ್ಯೇಕವಾಗಿ ವಿಚಾರಿಸುತ್ತಾರೆ. ಒತ್ತಡಕ್ಕೆ ಸಿಲುಕಿದವನಿಗೆ ಕಾನೂನು ಇಟ್ಟಿರುವ ಕೊನೆಯ ಕಿಂಡಿ ಇದು. ಆ ಕೋಣೆಯಲ್ಲಿ, "ಸ್ವಾಮಿ, ನಾನು ಇದನ್ನು ಮಾಡಿಲ್ಲ, ಹೆದರಿ ಸಹಿ ಹಾಕಿದ್ದೇನೆ" ಎಂದು ಹೇಳಬಹುದು. ಅರ್ಜಿ ಸ್ವಇಚ್ಛೆಯದ್ದಲ್ಲವೆಂದು ಕಂಡರೆ ನ್ಯಾಯಾಲಯ ಮೊಕದ್ದಮೆಯನ್ನು ಸಾಮಾನ್ಯ ವಿಚಾರಣೆಗೆ ಮರಳಿಸಬೇಕು. ಅರ್ಜಿಯಲ್ಲಿ ಹೇಳಿದ್ದನ್ನು ಬೇರಾವುದಕ್ಕೂ ಅವನ ವಿರುದ್ಧ ಬಳಸುವಂತಿಲ್ಲ.

ಜಮಾಅತಿನ ಹೊಣೆ

ನಿರಪರಾಧಿಯೊಬ್ಬನು ಸುಳ್ಳನ್ನು ಒಪ್ಪಿಕೊಳ್ಳುವುದು ಹೆಚ್ಚಾಗಿ ತಾನು ಹೆದರಿದ್ದರಿಂದಲ್ಲ, ತಾನು ಒಂಟಿಯಾದೆನೆಂಬ ಭಾವನೆಯಿಂದ. ಮನೆಯಲ್ಲಿ ಅಕ್ಕಿ ಮುಗಿದಿದೆ, ತಂಗಿಯ ನಿಕಾಹ್ ನಿಂತಿದೆ, ವಾಯಿದೆಯ ದಿನ ಕೋರ್ಟಿಗೆ ಬರಲು ಯಾರೂ ಇಲ್ಲ. ಅವನ ಸಹನೆಗೆ ಬೆಂಬಲ ಕೊಡದೆ ಸಹನೆಯನ್ನು ಬೋಧಿಸುವುದು ಸುಲಭ. ಅಂತಹ ಮನೆಯ ಖರ್ಚನ್ನು ಮಹಲ್ಲಾ ಜಮಾಅತ್ ಕೆಲವು ತಿಂಗಳು ನೋಡಿಕೊಂಡರೆ, ಇಬ್ಬರು ಹಿರಿಯರು ವಕೀಲರನ್ನು ಕಂಡು ಬಂದರೆ, ಜಾಮೀನಿಗೆ ಒಬ್ಬರು ನಿಂತರೆ, ಸತ್ಯ ಹೇಳುವುದು ಅವನಿಗೆ ಅಷ್ಟು ದುಬಾರಿಯಾಗದು.

ಒಂದು ವೇಳೆ ಅವನು ತಾಳಲಾರದೆ ಒಪ್ಪಿಕೊಂಡು ಮನೆಗೆ ಬಂದನೆಂದಿಟ್ಟುಕೊಳ್ಳಿ. ನ್ಯಾಯಾಲಯದ ಕಾಗದ ಏನೇ ಹೇಳಲಿ, ಭಯದಿಂದ ಹೇಳಿದ ಒಪ್ಪಿಗೆಯನ್ನು ಪುರಾವೆಯಾಗಿಸಿ ಅವನನ್ನು ಕಳ್ಳನೆಂದು ಕರೆಯುವ ಹಕ್ಕು ನಮಗಿಲ್ಲ. ಅವನು ಅಲ್ಲಾಹನಲ್ಲಿ ಕ್ಷಮೆ ಬೇಡಲಿ. ನಾವು ಅವನಿಗೆ ಸಫ್‌ನಲ್ಲಿ ಜಾಗ ಕೊಡೋಣ, ಕೆಲಸ ಕೊಡೋಣ.

ಆ ತಂದೆ ತಾಯಿಯ ಮಾತಿಗೆ ಮರಳೋಣ. ಮನೆಗೆ ಬಾ ಎಂದ ತಾಯಿ ತಪ್ಪು ಹೇಳಲಿಲ್ಲ. ಮಾಡದ್ದನ್ನು ಹೇಳಬೇಡ ಎಂದ ತಂದೆಯೂ ತಪ್ಪು ಹೇಳಲಿಲ್ಲ. ಸತ್ಯವನ್ನು ಬಿಡದೆ ಮನೆಗೆ ಬರುವ ದಾರಿಯನ್ನು ಕೊನೆಯವರೆಗೂ ಹುಡುಕುವುದೇ ಮಗನ ಕರ್ತವ್ಯ, ಆ ದಾರಿಯಲ್ಲಿ ಅವನ ಜೊತೆ ನಡೆಯುವುದು ನಮ್ಮ ಕರ್ತವ್ಯ. ಅವನು ಸಹಿ ಹಾಕಿದರೂ ಹಾಕದಿದ್ದರೂ ನಿಜವಾಗಿ ಏನು ನಡೆಯಿತೆಂಬುದು ಅಲ್ಲಾಹನ ಬಳಿ ದಾಖಲಾಗಿದೆ. ಅಂತಿಮ ವಿಚಾರಣೆ ಅಲ್ಲಿ ನಡೆಯಲಿದೆ. ಅಲ್ಲಿ ಚೌಕಾಶಿಯಿಲ್ಲ, ಯಾರ ಮೇಲೂ ಎಳ್ಳಷ್ಟೂ ಅನ್ಯಾಯವಾಗದು.

ಅನ್ಯಾಯವಾಗಿ ಸೆರೆಯಲ್ಲಿರುವವರಿಗೆ ಅಲ್ಲಾಹನು ಯೂಸುಫ್(ಅ)ರಂತಹ ಸಹನೆಯನ್ನೂ ಗೌರವದ ಬಿಡುಗಡೆಯನ್ನೂ ದಯಪಾಲಿಸಲಿ, ಆಮೀನ್.